ಬಯಲಲ್ಲಿ ಚಿತ್ರ ಬರೆಯುವವರ ಪಕ್ಕ ಕೂತು ಕಲಿಯುವುದು

ಹಿರಿಯ ಚಿತ್ರಕಾರರೊಬ್ಬರ ಜೊತೆ ಹೊರಗೆ ಚಿತ್ರ ಬರೆಯಲು ಹೋಗುವ ಅವಕಾಶ ಸಿಕ್ಕರೆ, ದಯವಿಟ್ಟು ಮೊದಲ ಅರ್ಧ ಗಂಟೆ ತಪ್ಪಿಸಿಕೊಳ್ಳಬೇಡಿ. ತುಂಬ ಜನ ಅದನ್ನೇ ತಪ್ಪಿಸಿಕೊಳ್ಳುತ್ತಾರೆ. ತಿಂಡಿ ಮುಗಿಸಿ ನಿಧಾನಕ್ಕೆ ಬರುತ್ತಾರೆ, ಅಷ್ಟೊತ್ತಿಗೆ ಅವರು ಬೋರ್ಡ್ ಮುಂದೆ ಕೂತು ಬಣ್ಣ ಹಚ್ಚುತ್ತಿರುತ್ತಾರೆ, ಇವರು ಹಿಂದೆ ನಿಂತು ಬ್ರಷ್ ಓಡುವುದನ್ನು ನೋಡಿ, ಮೊಬೈಲಲ್ಲಿ ವಿಡಿಯೊ ಮಾಡಿಕೊಂಡು, ಎಂಥ ಕೈ ಅಂದುಕೊಂಡು ಮನೆಗೆ ಹೋಗುತ್ತಾರೆ. ಕೈ ಚೆನ್ನಾಗಿದೆ, ನಿಜ. ಆದರೆ ಆ ಚಿತ್ರದ ಮುಖ್ಯ ತೀರ್ಮಾನಗಳೆಲ್ಲ ಬ್ರಷ್ ಒದ್ದೆಯಾಗುವ ಮೊದಲೇ ಆಗಿಹೋಗಿರುತ್ತವೆ. ಎಲ್ಲಿ ಕೂರಬೇಕು, ಏನನ್ನು ಬಿಡಬೇಕು, ಈ ಬೆಳಕು ಎಷ್ಟು ಹೊತ್ತು ಇರುತ್ತೆ, ಯಾವ ನೆರಳನ್ನು ಮೊದಲು ಹಿಡಿಯಬೇಕು. ನನ್ನ ಇವತ್ತಿನ ಮಾತು ಜಾಸ್ತಿ ಆ ಅರ್ಧ ಗಂಟೆಯ ಬಗ್ಗೆಯೇ.

ನಾನು ಜಲವರ್ಣ ಕಲಿತದ್ದು ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರ ಜೊತೆ ಓಡಾಡಿ. ಹೆಸರು ಹೇಳಿದರೆ ಅವರಿಗೆ ಮುಜುಗರ, ಆದ್ದರಿಂದ ಮೇಷ್ಟ್ರು ಅಂತಲೇ ಕರೆಯುತ್ತೇನೆ. ಅವರು ಜಾಗಕ್ಕೆ ಬಂದ ತಕ್ಷಣ ಚೀಲ ಬಿಚ್ಚುವುದಿಲ್ಲ. ಚೀಲ ಹೆಗಲಲ್ಲೇ ಇಟ್ಟುಕೊಂಡು ಒಂದು ಸುತ್ತು ಹಾಕುತ್ತಾರೆ. ಮರದ ಆ ಕಡೆಯಿಂದ ನೋಡುತ್ತಾರೆ, ಈ ಕಡೆಯಿಂದ ನೋಡುತ್ತಾರೆ, ಒಮ್ಮೆ ಕುಕ್ಕರುಗಾಲಲ್ಲಿ ಕೂತು ನೋಡುತ್ತಾರೆ. ಕಣ್ಣನ್ನು ಅರ್ಧ ಮುಚ್ಚಿ ನೋಡುತ್ತಾರೆ. ಹಾಗೆ ನೋಡಿದರೆ ಎಲೆ, ಕಿಟಕಿ, ಬೋರ್ಡಿನ ಅಕ್ಷರ ಎಲ್ಲ ಮಾಯವಾಗಿ ಬರೀ ಕಪ್ಪು, ಬಿಳಿ, ನಡುವಿನ ಬೂದು ಉಳಿಯುತ್ತೆ. ಆಮೇಲೆ ಕೂರುವ ಜಾಗ ಆರಿಸುತ್ತಾರೆ. ಈಗ ನೆರಳು ಎಲ್ಲಿದೆ ಅಂತ ನೋಡುವುದಕ್ಕಿಂತ ಇನ್ನೊಂದು ಗಂಟೆಗೆ ಎಲ್ಲಿರುತ್ತೆ ಅಂತ ನೋಡುತ್ತಾರೆ. ಬೆಳಿಗ್ಗೆ ಹೊತ್ತು ಮರದ ನೆರಳು ಪಶ್ಚಿಮಕ್ಕೆ ಉದ್ದಕ್ಕೆ ಬಿದ್ದಿರುತ್ತೆ, ಹೊತ್ತು ಏರಿದ ಹಾಗೆ ಬುಡದ ಕಡೆಗೆ ಸರಿಯುತ್ತೆ. ನೆರಳಿನ ತುದಿಯಲ್ಲಿ ಕೂತವರು ಅರ್ಧ ಚಿತ್ರದಲ್ಲಿ ಎದ್ದು ಜಾಗ ಬದಲಾಯಿಸಬೇಕಾಗುತ್ತೆ. ಜಾಗ ಬದಲಾದರೆ ನೋಟವೂ ಬದಲಾಯಿತು. ಮೇಷ್ಟ್ರು ಬುಡದ ಹತ್ತಿರವೇ ಕೂರುತ್ತಾರೆ.

ನೆರಳು ಬೇಕಾಗಿರುವುದು ಮೈಗೆ ಮಾತ್ರ ಅಂದುಕೊಳ್ಳಬೇಡಿ. ಕಾಗದಕ್ಕೆ ಬೇಕು. ಬಿಳಿ ಕಾಗದದ ಮೇಲೆ ನೇರ ಬಿಸಿಲು ಬಿದ್ದರೆ ಕಣ್ಣು ಕೋರೈಸುತ್ತೆ, ಹಚ್ಚಿದ ಬಣ್ಣವೆಲ್ಲ ತೆಳ್ಳಗೆ ಕಾಣುತ್ತೆ, ಇನ್ನಷ್ಟು ಗಾಢ ಮಾಡುತ್ತೀರಿ. ಮನೆಗೆ ತಂದು ನೋಡಿದರೆ ಇಡೀ ಚಿತ್ರ ಮಂಕಾಗಿ ಕೂತಿರುತ್ತೆ. ಹೊಸಬರ ಚಿತ್ರ ಮನೆಯೊಳಗೆ ಕಪ್ಪಾಗಿ ಕಾಣಲು ಎಷ್ಟೋ ಸಲ ಇದೇ ಕಾರಣ, ಬಣ್ಣದ ಕಂಪನಿ ಕಾರಣ ಅಲ್ಲ.

ಜಾಗ ಆರಿಸುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಹಂಪಿಗೆ ಹೋದವರೆಲ್ಲ ವಿರೂಪಾಕ್ಷನ ದೊಡ್ಡ ಗೋಪುರವನ್ನು ಬಜಾರಿನ ಬೀದಿಯಿಂದಲೇ ಬರೆಯಲು ಕೂರುತ್ತಾರೆ. ಎದುರಿಗೇ ಇದೆ, ನೆಟ್ಟಗೆ ಇದೆ. ಆದರೆ ಆ ಗೋಪುರ ಪೂರ್ವಕ್ಕೆ ಮುಖ ಮಾಡಿದೆ. ಬೆಳಗಿನ ಬಿಸಿಲು ಅದರ ಮುಖದ ಮೇಲೆ ಪೂರ್ತಿ ಬೀಳುತ್ತೆ, ನೋಡಲು ಚಂದ, ಬರೆಯಲು ಚಪ್ಪಟೆ. ನೆರಳೇ ಇಲ್ಲದಿದ್ದರೆ ಆಕಾರ ಎಲ್ಲಿಂದ ಬರಬೇಕು? ಮೇಷ್ಟ್ರು ನಮ್ಮನ್ನು ಹೇಮಕೂಟ ಹತ್ತಿಸಿದರು. ಹೇಮಕೂಟ ಇರುವುದು ದೇವಸ್ಥಾನದ ದಕ್ಷಿಣಕ್ಕೆ. ಅಲ್ಲಿ ಕೂತು ಉತ್ತರಕ್ಕೆ ನೋಡಿದರೆ ಬಲಗಡೆ ಬಿಸಿಲು, ಎಡಗಡೆ ನೆರಳು. ಅದೇ ಗೋಪುರ, ಅದೇ ಹೊತ್ತು, ಕಲ್ಲಿನ ಭಾರ ಕೈಗೆ ಸಿಕ್ಕ ಹಾಗೆ ಕಾಣುತ್ತೆ. ಆಮೇಲೆ ಅವರು ಮಾಡಿದ್ದು ನನಗೆ ಇನ್ನೂ ದೊಡ್ಡ ಪಾಠ. ಹಂಪಿಯ ಬಂಡೆಗಳನ್ನು ಎಣಿಸಲು ಆಗಲ್ಲ, ಅಷ್ಟಿವೆ. ಅವರು ಗುಡ್ಡದ ಬಂಡೆಗಳನ್ನೆಲ್ಲ ಸೇರಿಸಿ ಒಂದೇ ನೆರಳಿನ ಆಕಾರ ಮಾಡಿದರು, ಮುಂದಿನ ಎರಡು ಬಂಡೆಗೆ ಮಾತ್ರ ಅಂಚು ಕೊಟ್ಟರು, ಗೋಪುರದ ಬಿಸಿಲು ಬಿದ್ದ ಕಡೆ ಬಣ್ಣವನ್ನೇ ಹಚ್ಚದೆ ಕಾಗದವನ್ನು ಹಾಗೇ ಬಿಟ್ಟರು. ನೋಡಿದವರು ಎಲ್ಲ ಬಂಡೆಯೂ ಇದೆ ಅಂದರು.

ಮೇಷ್ಟ್ರು ಬೆಂಚಿನ ಮೇಲೆ ಕೂತು ಒಂದು ಬೆಂಕಿಪೊಟ್ಟಣದಷ್ಟು ಚೌಕದಲ್ಲಿ ಪೆನ್ಸಿಲಿಂದ ಇದನ್ನೆಲ್ಲ ಮೊದಲೇ ಬರೆದುಕೊಳ್ಳುತ್ತಾರೆ. ಮೂರೇ ಟೋನ್: ಕಪ್ಪು, ಬಿಳಿ, ನಡುವಿನ ಬೂದು. ಅದರ ಮೂಲೆಯಲ್ಲಿ ಗಂಟೆ ಬರೆಯುತ್ತಾರೆ. 7:40, ಪೂರ್ವದ ಬಿಸಿಲು, ತೆಳು ಮೋಡ. ಹೀಗೆ. ಆಮೇಲೆ ನೆರಳು ಎಷ್ಟೇ ಸರಿಯಲಿ, ಚಿತ್ರದಲ್ಲಿ 7:40ರ ನೆರಳೇ ಇರುತ್ತೆ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಎರಡು ಗಂಟೆ ಕೂತು, ಕಂಡದ್ದನ್ನು ಕಂಡ ಹಾಗೆ ಬರೆಯುತ್ತ ಹೋದರೆ ಮನೆಯ ನೆರಳು ಎಡಕ್ಕೆ, ಮರದ ನೆರಳು ಬುಡಕ್ಕೆ, ಒಂದೇ ಕಾಗದದಲ್ಲಿ ಎರಡು ಹೊತ್ತು ಸೇರಿಕೊಳ್ಳುತ್ತೆ.

ಗಂಟೆ ಬರೆಯುವ ಈ ಅಭ್ಯಾಸ ಹಳೆಯದು. ಫ್ರಾನ್ಸಿನಲ್ಲಿ ಯುಜೀನ್ ಬೂದ್ಯಾಂ ಅಂತ ಒಬ್ಬರಿದ್ದರು, 1824ರಲ್ಲಿ ಸಮುದ್ರ ತೀರದ ಒಂಫ್ಲರ್ ಊರಲ್ಲಿ ಹುಟ್ಟಿದವರು. ಮೋಡ, ಸಮುದ್ರ ಅಂದರೆ ಅವರಿಗೆ ಪ್ರಾಣ. ತಮ್ಮ ಮೋಡದ ಚಿತ್ರಗಳ ಮೇಲೆ ತಾರೀಖು, ಹೊತ್ತು, ಗಾಳಿ ಬರೆಯುತ್ತಿದ್ದರು. ಅಕ್ಟೋಬರ್ 8, ಮಧ್ಯಾಹ್ನ, ವಾಯವ್ಯದ ಗಾಳಿ, ಈ ಥರ. ಕವಿ ಬೋದಿಲೇರ್ 1859ರಲ್ಲಿ ಅವುಗಳನ್ನು ನೋಡಿ ಮೆಚ್ಚಿ ಬರೆದಿದ್ದಾರೆ. ಲ ಹಾವ್ರ್ ಊರಿನಲ್ಲಿ ಇದೇ ಬೂದ್ಯಾಂ ಕಣ್ಣಿಗೆ ಒಬ್ಬ ಹುಡುಗ ಬಿದ್ದ. ಊರಿನ ದೊಡ್ಡವರ ವ್ಯಂಗ್ಯಚಿತ್ರ ಬರೆದು ಅಂಗಡಿಯ ಕಿಟಕಿಯಲ್ಲಿಟ್ಟು ಮಾರುತ್ತಿದ್ದ. ಕೈ ಚುರುಕು, ದುಡ್ಡೂ ಬರುತ್ತಿತ್ತು. ಬೂದ್ಯಾಂ ಅವನನ್ನು ಹೊರಗೆ ಬಾ ಅಂತ ಕರೆದರು. ಹುಡುಗ ಬೇಗ ಒಪ್ಪಲಿಲ್ಲ, ತಪ್ಪಿಸಿಕೊಂಡು ಓಡಾಡಿದ. ಕೊನೆಗೆ ಬಣ್ಣದ ಪೆಟ್ಟಿಗೆ ಹಿಡಿದು ಜೊತೆಗೆ ಹೋದ, ಅವರು ಕೆಲಸ ಮಾಡುವುದನ್ನು ಪಕ್ಕದಲ್ಲಿ ನಿಂತು ನೋಡಿದ. ಕಣ್ಣಿಗೆ ಕಟ್ಟಿದ್ದ ಪರದೆ ಹರಿದ ಹಾಗಾಯಿತು ಅಂತ ಮುದುಕನಾದ ಮೇಲೆ ಹೇಳಿಕೊಂಡ. 1858ರಲ್ಲಿ ರುಯೆಲ್ ಅನ್ನುವ ಕಡೆಯ ಬಯಲನ್ನು ಬರೆದ. ಆಗ ಅವನಿಗೆ 17. ಅವನ ಹೆಸರು ಕ್ಲೋದ್ ಮೊನೆ, ಮುಂದೆ ಬೆಳಕಿನ ಚಿತ್ರಗಳಿಗೆ ಜಗತ್ತಿಗೇ ಹೆಸರಾದವನು. ಆ ಹುಡುಗನಿಗೆ ಆ ದಿನ ಬೂದ್ಯಾಂ ಏನಾದರೂ ಸೂತ್ರ ಹೇಳಿಕೊಟ್ಟಿರಬಹುದು, ಆದರೆ ಮೊನೆ ನೆನಪಿಟ್ಟುಕೊಂಡದ್ದು ಅವರು ಕೆಲಸ ಮಾಡುವುದನ್ನು ನೋಡಿದ್ದನ್ನು. ಇದು ನನಗೆ ತುಂಬ ಮುಖ್ಯ ಅನಿಸುತ್ತೆ.

ಒಂದು ಪಕ್ಕದ ಮಾತು. ಆ ಕಾಲದ ಜನ ಅಷ್ಟು ಸುಲಭವಾಗಿ ಎಣ್ಣೆ ಬಣ್ಣ ಹೊತ್ತು ಹೊರಗೆ ಹೋಗಲು ಸಾಧ್ಯವಾದದ್ದು ತವರದ ಟ್ಯೂಬಿನಿಂದ. ಅಮೆರಿಕದ ಜಾನ್ ಗಾಫ್ ರ‍್ಯಾಂಡ್ ಅನ್ನುವ ಚಿತ್ರಕಾರ 1841ರಲ್ಲಿ ಅದಕ್ಕೆ ಪೇಟೆಂಟ್ ತೆಗೆದುಕೊಂಡ. ಅದಕ್ಕೂ ಮೊದಲು ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರು, ಚುಚ್ಚಿದರೆ ಸೋರುತ್ತಿತ್ತು. ನಮ್ಮ ಕೈಯಲ್ಲಿರುವ ಪುಟ್ಟ ಡಬ್ಬಿ ಎಷ್ಟು ದೊಡ್ಡ ಸೌಕರ್ಯ ಅಂತ ನೆನಪಿಸಲು ಹೇಳಿದೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ವಿಷಯಕ್ಕೆ ಬರುತ್ತೇನೆ. ನೀವೆಲ್ಲ ಯೂಟ್ಯೂಬಲ್ಲಿ ಇಂಗ್ಲೆಂಡಿನವರ, ಆಸ್ಟ್ರೇಲಿಯಾದವರ ವಿಡಿಯೊ ನೋಡಿ ಕಲಿಯುತ್ತಿದ್ದೀರಿ. ನೋಡಿ, ಬೇಡ ಅನ್ನಲ್ಲ. ಆದರೆ ಅವರ ಬೆಳಕು ನಮ್ಮ ಬೆಳಕಲ್ಲ. ಪ್ಯಾರಿಸ್ಸಿನಲ್ಲಿ ಡಿಸೆಂಬರ್ ಕೊನೆಗೆ ಮಧ್ಯಾಹ್ನದ ಸೂರ್ಯ ದಿಗಂತದಿಂದ ಸುಮಾರು 18 ಡಿಗ್ರಿ ಮೇಲಿರುತ್ತಾನೆ ಅಷ್ಟೇ. ಬೆಂಗಳೂರಿನಲ್ಲಿ ಅದೇ ದಿನ 53 ಡಿಗ್ರಿಗಿಂತ ಮೇಲೆ. ಪ್ಯಾರಿಸ್ಸಿನವರಿಗೆ ಚಳಿಗಾಲದಲ್ಲಿ ಇಡೀ ದಿನ ಓರೆ ಬಿಸಿಲು ಸಿಗುತ್ತೆ. ನಮಗೆ ಅದು ಸಿಗುವುದು ಬೆಳಿಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು. ಇನ್ನು ಏಪ್ರಿಲ್ 24ರ ಸುಮಾರಿಗೆ, ಮತ್ತೆ ಆಗಸ್ಟ್ 18ರ ಸುಮಾರಿಗೆ ಬೆಂಗಳೂರಿನಲ್ಲಿ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರಲ್ಲ. ಆ ಎರಡು ದಿನಗಳ ನಡುವೆ, ಅಂದರೆ ಮೇ, ಜೂನ್, ಜುಲೈಯಲ್ಲಿ, ಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕೇ ಇರುತ್ತಾನೆ. ಉತ್ತರದ ಗೋಡೆಯ ಮೇಲೆ ಬಿಸಿಲು ಬೀಳುವುದೇ ಇಲ್ಲ, ಅಲ್ಲಿ ಬೆಳಕು ಸ್ಥಿರ ಅಂತ ವಿದೇಶದ ಪುಸ್ತಕದಲ್ಲಿ ಓದಿದವರು ಜೂನಿನಲ್ಲಿ ನಮ್ಮೂರ ಉತ್ತರದ ಗೋಡೆಯನ್ನೊಮ್ಮೆ ನೋಡಬೇಕು.

ಮೇಷ್ಟ್ರಿಗೆ ಈ ಡಿಗ್ರಿ ಲೆಕ್ಕ ಬೇಕಿಲ್ಲ. ಅವರ ಅಳತೆ ತಮ್ಮದೇ ನೆರಳು. ನಿಮ್ಮ ನೆರಳು ನಿಮಗಿಂತ ಉದ್ದ ಇರುವವರೆಗೆ ಚಿತ್ರ ಶುರು ಮಾಡಿ, ನಿಮ್ಮಷ್ಟೇ ಆದ ಮೇಲೆ ಹೊಸದು ಶುರು ಮಾಡಬೇಡಿ, ಕೈಯಲ್ಲಿರುವುದನ್ನು ಮುಗಿಸಿ. ನೆರಳು ನಮ್ಮಷ್ಟೇ ಉದ್ದ ಅಂದರೆ ಸೂರ್ಯ 45 ಡಿಗ್ರಿಯಲ್ಲಿದ್ದಾನೆ ಅಂತ ಅರ್ಥ. ಮಾರ್ಚ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಅದು ಹತ್ತಿರಹತ್ತಿರ 9:30. ಇಂಥದ್ದನ್ನು ಯಾವ ವಿಡಿಯೊ ಹೇಳಿಕೊಡುತ್ತೆ ಹೇಳಿ? ಅದೇ ಊರಿನ ಬಿಸಿಲಲ್ಲಿ ಕೂತು ಕೂತು ತಲೆ ಬೆಳ್ಳಗಾದವರಿಗೆ ಮಾತ್ರ ಗೊತ್ತಿರುವ ವಿಷಯ ಇದು.

ನೆರಳಿನ ಬಣ್ಣವೂ ಹಾಗೇ. ನೆರಳು ಅಂದರೆ ನೀಲಿ ಅಂತ ಎಲ್ಲರೂ ಬಾಯಿಪಾಠ ಮಾಡಿದ್ದೇವೆ. ತೆರೆದ ಆಕಾಶದ ನೀಲಿ ನೆರಳಿಗೆ ಬೀಳುತ್ತೆ, ಅದಕ್ಕೆ ಹಾಗೆ ಕಾಣುತ್ತೆ, ಸರಿ. ಈಗ ಕೋಲಾರದ ಕಡೆಯ ಒಂದು ಹಳ್ಳಿಗೆ ಹೋಗಿ. ಸುಣ್ಣ ಬಳಿದ ಗೋಡೆ, ಮುಂದೆ ಕೆಮ್ಮಣ್ಣಿನ ಅಂಗಳ, ಅಂಗಳದ ಮೇಲೆ ಬಿಸಿಲು. ಆ ಗೋಡೆಯ ನೆರಳಿನ ಕೆಳಭಾಗ ನೋಡಿ. ಅಲ್ಲಿ ನೀಲಿ ಇಲ್ಲ, ನೆಲದಿಂದ ಎದ್ದ ಕೆಂಪು ಬೆಳಕು ಇದೆ. ಮೇಲಕ್ಕೆ ಹೋದ ಹಾಗೆ ನಿಧಾನಕ್ಕೆ ತಣ್ಣಗಾಗುತ್ತೆ. ಮೇಷ್ಟ್ರು ಒಂದೇ ವಾಷಲ್ಲಿ, ಅಂದರೆ ನೀರು ಬೆರೆಸಿದ ಬಣ್ಣದ ಒಂದೇ ಹರವಿನಲ್ಲಿ, ಮೇಲೆ ಅಲ್ಟ್ರಾಮರೀನ್ ನೀಲಿ, ಕೆಳಗೆ ಬರುತ್ತ ಕೆಂಗಂದು ಬಣ್ಣದ ಬರ್ಂಟ್ ಸಿಯೆನ್ನಾ ಬಿಡುತ್ತಾರೆ, ಎರಡೂ ಕಾಗದದ ಮೇಲೇ ಬೆರೆಯುತ್ತವೆ. ಅವರು ಅದನ್ನು ಮಾಡುವುದನ್ನು ನೋಡಿ, ತಲೆ ಎತ್ತಿ ಗೋಡೆ ನೋಡಿ, ಮತ್ತೆ ಕಾಗದ ನೋಡಿ. ಆಗ ಮಾತ್ರ ಆ ಕೆಂಪು ನಿಮ್ಮ ಕಣ್ಣಿಗೆ ಬೀಳುತ್ತೆ. ಫೋಟೊದಲ್ಲಿ ಅದು ಬರುವುದೇ ಕಷ್ಟ. ಮೊಬೈಲ್ ಎಷ್ಟೋ ಸಲ ನೆರಳನ್ನು ಕಪ್ಪು ಮಾಡುತ್ತೆ, ಇಲ್ಲವೇ ಆಕಾಶವನ್ನು ಬೆಳ್ಳಗೆ ಸುಡುತ್ತೆ.

ನೀರಿನ ವಿಷಯ ಬೇಗ ಹೇಳಿ ಮುಂದೆ ಹೋಗುತ್ತೇನೆ. ಏಪ್ರಿಲಲ್ಲಿ ವಿಜಯಪುರದಲ್ಲಿ ಆಕಾಶದ ವಾಷ್ ಕೆಳಗೆ ಇಳಿಯುವ ಮೊದಲೇ ಮೇಲೆ ಒಣಗಿ ಗೆರೆ ಬೀಳುತ್ತೆ. ಅಲ್ಲಿ ಬಣ್ಣ ಮೊದಲೇ ಜಾಸ್ತಿ ಕಲಸಿಟ್ಟುಕೊಳ್ಳಬೇಕು, ಕಾಗದದ ಹಿಂಭಾಗವನ್ನೂ ಒದ್ದೆ ಮಾಡಬೇಕು. ಜುಲೈಯಲ್ಲಿ ಶಿರಸಿಯಲ್ಲಿ ಇದರ ಪೂರ್ತಿ ಉಲ್ಟಾ. ಜಗಲಿ ಮೇಲೆ ಕೂತರೂ ಕಾಗದ ಒಣಗಲ್ಲ. ಮೇಷ್ಟ್ರು ಅಲ್ಲಿ ಒಣಗಲಿ ಅಂತ ಕಾಯುವುದೇ ಇಲ್ಲ. ದೂರದ ಬೆಟ್ಟ, ಮಂಜು, ಅಡಿಕೆ ತೋಟ ಎಲ್ಲ ಒದ್ದೆ ಇರುವಾಗಲೇ ಮುಗಿಸಿ, ಒಂದೆರಡು ಅಡಿಕೆ ಮರದ ಕಾಂಡಕ್ಕೆ ಮಾತ್ರ ಗಟ್ಟಿ ಬಣ್ಣ ಎಳೆಯುತ್ತಾರೆ. ಹತ್ತಿ ನಾರಿನ 300 ಜಿಎಸ್ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಕಾಗದ ದುಬಾರಿ, ಆದರೂ ಇಂಥ ಕಡೆ ಬೇರೆ ದಾರಿ ಇಲ್ಲ. ತಿಂಡಿ ಖರ್ಚು ಉಳಿಸಿ ಅರ್ಧ ಶೀಟ್ ಒಳ್ಳೆ ಕಾಗದ ತನ್ನಿ.

ಮಂಜು ಅಂದಾಗ ನೆನಪಾಯಿತು. ಕೆ. ವೆಂಕಟಪ್ಪನವರ ಊಟಿ, ಕೊಡೈಕೆನಾಲ್ ಜಲವರ್ಣಗಳನ್ನು ಬೆಂಗಳೂರಿನ ವೆಂಕಟಪ್ಪ ಗ್ಯಾಲರಿಯಲ್ಲಿ ನೋಡದವರು ಖಂಡಿತ ಹುಡುಕಿ ನೋಡಿ. ಕಲ್ಕತ್ತಾದಲ್ಲಿ ಅವನೀಂದ್ರನಾಥ ಟ್ಯಾಗೋರರ ಶಿಷ್ಯರಾಗಿದ್ದವರು ಅವರು. ಬೆಟ್ಟದ ಗಾಳಿಯ ತೇವ ಆ ಕಾಗದಗಳಲ್ಲಿ ಇದೆ. ಇನ್ನೊಬ್ಬರು ರುಮಾಲೆ ಚನ್ನಬಸವಯ್ಯ. ದೊಡ್ಡಬಳ್ಳಾಪುರದಲ್ಲಿ 1910ರಲ್ಲಿ ಹುಟ್ಟಿದವರು, ಸ್ವಾತಂತ್ರ್ಯ ಹೋರಾಟಗಾರರು, ಪತ್ರಿಕೆ ನಡೆಸಿದವರು, ರಾಜಕೀಯದಲ್ಲೂ ಇದ್ದವರು. ಆಮೇಲೆ ಎಲ್ಲ ಬಿಟ್ಟು ಚಿತ್ರಕ್ಕೇ ನಿಂತರು. ಬೆಂಗಳೂರಿನ ಹೂಬಿಟ್ಟ ಮರಗಳನ್ನು ಬೀದಿಯಲ್ಲಿ, ಪಾರ್ಕಿನಲ್ಲಿ ಕೂತೇ ಬರೆದರು, ದಪ್ಪದಪ್ಪ ಬಣ್ಣದಲ್ಲಿ. ಈ ಊರಿನಲ್ಲಿ ತಿಂಗಳಿಗೊಂದು ಮರ ಹೂ ಬಿಡುವ ಹಾಗೆ ನೆಡಿಸಿದವರು ಕ್ರುಂಬಿಗಲ್, ಜರ್ಮನಿಯಿಂದ ಬಂದ ತೋಟಗಾರಿಕೆಯ ತಜ್ಞ. ಅವರು ನೆಡಿಸಿದರು, ರುಮಾಲೆಯವರು ಬರೆದರು. ಟಬೂಬಿಯಾ ಮುಗಿದು ಜಕರಂಡಾ, ಅದು ಮುಗಿಯುವ ಹೊತ್ತಿಗೆ ಗುಲ್‌ಮೊಹರ್. ಹೊರಗೆ ಕೂತು ಬರೆಯುವ ಹಿರಿಯರಿಗೆ ಈ ಪಂಚಾಂಗ ಬಾಯಲ್ಲೇ ಇರುತ್ತೆ. ಯಾವ ತಿಂಗಳು ಯಾವ ರಸ್ತೆ, ಯಾವ ಮರದ ಹಿಂದೆ ಎಷ್ಟೊತ್ತಿಗೆ ಬಿಸಿಲು ಬರುತ್ತೆ ಅಂತ ಮೇಷ್ಟ್ರನ್ನು ಕೇಳಿದರೆ ತಕ್ಷಣ ಹೇಳುತ್ತಾರೆ.

ಪಕ್ಕದಲ್ಲಿ ಕೂತು ಬರೆದರೆ ಅವರ ಹಾಗೇ ಆಗಿಬಿಡುತ್ತೇವೆ, ನಮ್ಮದು ಅಂತ ಏನೂ ಉಳಿಯಲ್ಲ ಅನ್ನುವ ಭಯ ಕೆಲವರಿಗಿದೆ. ಇದನ್ನು ನಾನು ಒಪ್ಪುವುದಿಲ್ಲ. ಫ್ರಾನ್ಸಿನ ಚಿತ್ರಕಾರರಾದ ಪಿಸಾರೊ ಮತ್ತು ಸೆಜಾನ್ ಅವರನ್ನು ನೋಡಿ. 1872ರಲ್ಲಿ ಸೆಜಾನ್ ಪಾಂಟ್ವಾಸ್ ಊರಿಗೆ ಪಿಸಾರೊ ಇದ್ದಲ್ಲಿಗೇ ಬಂದರು. ಪಿಸಾರೊಗಿಂತ ಎಂಟೊಂಬತ್ತು ವರ್ಷ ಚಿಕ್ಕವರು. ಬಂದವರೇ ಪಿಸಾರೊ ಹಿಂದಿನ ವರ್ಷ ಬರೆದಿದ್ದ ಲೂವ್‌ಸಿಯೆನ್ ಊರಿನ ಒಂದು ಚಿತ್ರವನ್ನು ಸಾಲ ತೆಗೆದುಕೊಂಡು ಹೋಗಿ ನಕಲು ಮಾಡಿದರು. ನಕಲು! ಇಂದು ನಾವು ನಾಚಿಕೆ ಪಡುವ ಕೆಲಸ. ಆಮೇಲೆ ಇಬ್ಬರೂ ಒಂದೇ ಜಾಗದ ಚಿತ್ರಗಳನ್ನು ಬರೆದರು. ಕಪ್ಪು, ಮಣ್ಣಿನ ಬಣ್ಣ ಬಿಟ್ಟು ಮೂಲ ಬಣ್ಣಗಳಿಂದಲೇ ಕೆಲಸ ಮಾಡು ಅಂತ ಪಿಸಾರೊ ಹೇಳಿದ್ದನ್ನು ಸೆಜಾನ್ ಕೇಳಿದರು, ಅವರ ಪ್ಯಾಲೆಟ್ ತಿಳಿಯಾಯಿತು. ಆದರೂ ಇಬ್ಬರ ಚಿತ್ರ ಒಂದೇ ಥರ ಇದೆಯಾ? ಇಲ್ಲವೇ ಇಲ್ಲ. ಇಬ್ಬರನ್ನೂ ನೋಡುತ್ತಿದ್ದ ಊರಿನ ರೈತನೊಬ್ಬ, ಪಿಸಾರೊ ಚುಚ್ಚಿ ಚುಚ್ಚಿ ಹಚ್ಚುತ್ತಾರೆ, ಸೆಜಾನ್ ಮೆತ್ತುತ್ತಾರೆ ಅಂದನಂತೆ. ಆ ರೈತನ ಕಣ್ಣಿಗೆ ನನ್ನ ನಮಸ್ಕಾರ. ಪಕ್ಕದಲ್ಲೇ ಕೂತರೂ ಕೈ ಬೇರೆಯಾಗಿಯೇ ಉಳಿಯುತ್ತೆ, ಬದಲಾಗುವುದು ನೋಟ. ಸೆಜಾನ್ ತಮ್ಮ ಕೊನೆಯ ವರ್ಷ, 1906ರ ಪ್ರದರ್ಶನದಲ್ಲಿ ಕೂಡ ಪಿಸಾರೊ ಶಿಷ್ಯ ಅಂತಲೇ ಹಾಕಿಸಿಕೊಂಡರು. ಆ ಹೊತ್ತಿಗೆ ಪಿಸಾರೊ ತೀರಿಕೊಂಡು ಮೂರು ವರ್ಷ ಆಗಿತ್ತು.

ನಿಮ್ಮಲ್ಲಿ ಕಲಿಸುವವರೂ ಇದ್ದೀರಿ, ಆದ್ದರಿಂದ ಇನ್ನೊಂದು ವಿಷಯ. ಅಮೆರಿಕದ ಪ್ರಾವಿನ್ಸ್‌ಟೌನ್ ಕಡಲತೀರದಲ್ಲಿ ಚಾರ್ಲ್ಸ್ ಹಾಥಾರ್ನ್ ಅನ್ನುವ ಚಿತ್ರಕಾರರು 1899ರಿಂದ ಬೇಸಿಗೆಯ ಶಾಲೆ ನಡೆಸುತ್ತಿದ್ದರು. ಉರಿಬಿಸಿಲಲ್ಲಿ ಮಾಡೆಲನ್ನು ನಿಲ್ಲಿಸಿ, ತಲೆಗೆ ಅಗಲ ಟೋಪಿ ಹಾಕಿಸಿ, ಮುಖ ಪೂರ್ತಿ ನೆರಳಲ್ಲಿರುವ ಹಾಗೆ ಮಾಡುತ್ತಿದ್ದರು. ವಿದ್ಯಾರ್ಥಿಗಳ ಕೈಗೆ ಬ್ರಷ್ ಬದಲು ಗೋಡೆಗೆ ಪಟ್ಟಿ ಹಚ್ಚುವ ಥರದ ಅಗಲ ಚಾಕು. ಕಣ್ಣು, ಮೂಗು ಬರೆಯೋಣ ಅಂದರೂ ಆಗಲ್ಲ. ಬಿಸಿಲಿನ ಬಣ್ಣ ಒಂದು, ನೆರಳಿನ ಬಣ್ಣ ಒಂದು, ಹಿಂದಿನ ಸಮುದ್ರದ ಬಣ್ಣ ಒಂದು, ಈ ಮೂರೂ ಒಂದಕ್ಕೊಂದು ಸರಿ ಕೂತವಾ ಅಷ್ಟೇ ಪಾಠ. ನಮ್ಮ ಮಕ್ಕಳಿಗೆ ಕಬ್ಬನ್ ಪಾರ್ಕಿನಲ್ಲಿ ಒಂದಿಂಚಿನ ಬಣ್ಣದಂಗಡಿ ಬ್ರಷ್ ಕೊಟ್ಟು ಇದನ್ನೇ ಮಾಡಿಸಬಹುದು. ಚಿಕ್ಕ ಬ್ರಷ್ ಮೊದಲೇ ಕೈಗೆ ಕೊಟ್ಟರೆ ಅವರು ಎಲೆ ಎಣಿಸುತ್ತ ಕೂರುತ್ತಾರೆ.

ಹಿರಿಯರನ್ನು ಹುಡುಕುವುದು ಎಲ್ಲಿ ಅಂತ ಕೇಳುತ್ತೀರಿ. ಜನವರಿಯಲ್ಲಿ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಯ ದಿನ ಕುಮಾರಕೃಪಾ ರಸ್ತೆಯಲ್ಲಿ ನಡೆದು ಬನ್ನಿ, ನಿಸರ್ಗಚಿತ್ರ ಇಟ್ಟುಕೊಂಡ ಬಿಳಿ ತಲೆಯವರ ಹತ್ತಿರ ನಿಂತು, ಇದನ್ನು ಅಲ್ಲೇ ಕೂತು ಬರೆದಿರಾ ಅಂತ ಕೇಳಿ. ಹೌದು ಅಂದರೆ ಮುಂದಿನ ಸಲ ಬರಬಹುದಾ ಅನ್ನಿ. ಬೇಡ ಅನ್ನುವವರು ಕಮ್ಮಿ. ಜೊತೆಗೆ ಕೂತಾಗ ಅವರ ನೇರ ಹಿಂದೆ ನಿಲ್ಲಬೇಡಿ, ಬೆಳಕಿಗೆ ಅಡ್ಡ ಬರುತ್ತೀರಿ. ಬಲಗೈಯವರಾದರೆ ಎಡಕ್ಕೆ, ಸ್ವಲ್ಪ ಹಿಂದೆ, ಅವರು ನೋಡುವ ನೋಟವೇ ನಿಮಗೂ ಕಾಣುವ ಹಾಗೆ ಕೂತುಕೊಳ್ಳಿ. ಆಕಾಶದ ವಾಷ್ ಒಣಗುವವರೆಗೆ ಮಾತಾಡಿಸಬೇಡಿ, ಆ ಹೊತ್ತು ಅವರದ್ದು. ಯಾವ ಬಣ್ಣ ಹಾಕಿದಿರಿ ಅಂತ ಕೇಳುವ ಬದಲು ಆ ಕಂಬ ಯಾಕೆ ಬಿಟ್ಟಿರಿ ಅಂತ ಕೇಳಿ. ಬಣ್ಣದ ಹೆಸರು ಅಂಗಡಿಯವನೂ ಹೇಳುತ್ತಾನೆ, ಕಂಬ ಬಿಟ್ಟ ಕಾರಣ ಅವರೊಬ್ಬರೇ ಹೇಳಬಲ್ಲರು. ಅವರು ಅರ್ಧಕ್ಕೇ ಕೈಬಿಟ್ಟು ಎದ್ದ ಚಿತ್ರವನ್ನೂ ನೋಡಿಸಿಕೊಳ್ಳಿ. ಮೋಡ ಬಂದು ಬೆಳಕು ಹೋದಾಗ ಮೇಷ್ಟ್ರು ಒಂಚೂರೂ ಬೇಜಾರಿಲ್ಲದೆ ಕಾಗದ ತಿರುಗಿಸಿ ಹಿಂದೆ ಇನ್ನೊಂದು ಶುರು ಮಾಡುತ್ತಾರೆ.

ಈ ಭಾನುವಾರ ಅವರು ಲಾಲ್‌ಬಾಗಿನ ಬಂಡೆಯ ಹತ್ತಿರ ಕೂರುತ್ತಾರೆ, ಕೆಂಪೇಗೌಡ ಗೋಪುರದ ಕೆಳಗೆ. ಬರಬೇಕು ಅನ್ನುವವರು 6:30ಕ್ಕೆ ಬನ್ನಿ, ಅವರು ಚೀಲ ಬಿಚ್ಚುವುದು ಏಳರ ನಂತರವೇ. ಟೋಪಿ, ನೀರು, ಮಡಚುವ ಸ್ಟೂಲ್ ತನ್ನಿ. ಬಣ್ಣ ಮೂರು ಸಾಕು: ಅಲ್ಟ್ರಾಮರೀನ್, ಬರ್ಂಟ್ ಸಿಯೆನ್ನಾ, ಒಂದು ಹಳದಿ. ಅಲ್ಲಿರುವ ಅಷ್ಟೂ ಹಸಿರು ಇದರಲ್ಲೇ ಬರುತ್ತೆ, ರೆಡಿಮೇಡ್ ಹಸಿರಿನ ಟ್ಯೂಬ್ ಮನೆಯಲ್ಲೇ ಬಿಟ್ಟು ಬನ್ನಿ.